ಅಪ್ಪನ ಕಾಲಿನ ಮೇಲೆ ನೀಲಿ ಗೆರೆ

ನಾನು ಚಿಕ್ಕವಳಿದ್ದಾಗ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ನಮ್ಮಪ್ಪನ ಎಡಗಾಲು. ತಿಕೋಟಾದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಅಪ್ಪ ಮುಂಜಾನೆಯಿಂದ ಸಂಜೆಯವರೆಗೆ ಅದರ ಮುಂದೆ ನಿಂತೇ ಇರುತ್ತಿದ್ದ. ಬೆಲ್ಟಿನ ಪಟಪಟ ಸದ್ದು, ಬಿಸಿ ಜೋಳದ ಹಿಟ್ಟಿನ ವಾಸನೆ. ಧೋತರ ಮೇಲೆತ್ತಿ ಕಟ್ಟಿದ ಅವನ ಕಾಲಿಗೆಲ್ಲ ಹಿಟ್ಟು ಕೂತಿರುತ್ತಿತ್ತು. ಆ ಬಿಳುಪಿನ ನಡುವೆ ದಪ್ಪ ದಪ್ಪ ನರಗಳು ಹಗ್ಗದ ಹಾಗೆ ಸೊಟ್ಟಪಟ್ಟ ಇಳಿದಿದ್ದವು. ನಾವು ನರ ಅನ್ನುತ್ತಿದ್ದೆವು. ಮೊಮ್ಮಕ್ಕಳೇ, ನಿಮ್ಮ ಶಾಲೆಯ ಪುಸ್ತಕದಲ್ಲಿ ಅದಕ್ಕೆ ಅಭಿಧಮನಿ ಎಂದಿದೆ, ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ನಾಳ.

ಪಾದದ ಗಂಟಿನ ಹತ್ತಿರ ಚರ್ಮ ಕಪ್ಪಾಗಿ, ಅಲ್ಲೊಂದು ಹುಣ್ಣು ಎದ್ದು ತಿಂಗಳುಗಟ್ಟಲೆ ಮಾಯ್ದಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಮೊಣಕಾಲ ಕೆಳಗೆ ಕರಿದಾರ ಬಿಗಿದಿದ್ದಳು. ನೋವು ಹೆಚ್ಚಿದಾಗಲೆಲ್ಲ ಇನ್ನೊಂದು ಸುತ್ತು. ಅದಕ್ಕೂ ಬಗ್ಗದಿದ್ದಾಗ ಸಾರವಾಡದಿಂದ ಬರೆ ಹಾಕುವ ಮುದುಕನಿಗೆ ಬರಹೇಳಿದಳು. ಕಾದ ಕಬ್ಬಿಣದಿಂದ ನರದ ಮೇಲೆ ಸುಡುವುದೇ ಅವನ ವೈದ್ಯ. ನಾಳೆ ಬರುತ್ತೇನೆಂದು ಹೇಳಿ ಕಳಿಸಿದ್ದ. ಅಪ್ಪ ಅವತ್ತು ಅರ್ಧ ರೊಟ್ಟಿಗೇ ಊಟ ಬಿಟ್ಟು ಎದ್ದ.

ಮಧ್ಯಾಹ್ನ ಕರೆಂಟು ಹೋಯಿತು. ಅಪ್ಪ ಜೋಳದ ಚೀಲದ ಮೇಲೆ ಕಾಲಿಟ್ಟು ಅಡ್ಡಾದ. ನಾನು ಬಗ್ಗಿ ನೋಡುತ್ತೇನೆ, ನರಗಳೇ ಇಲ್ಲ! ಅಕ್ಕನನ್ನು ಕರೆತರುವಷ್ಟರಲ್ಲಿ ಕರೆಂಟು ಬಂದು ಅಪ್ಪ ಎದ್ದು ನಿಂತಿದ್ದ, ನರಗಳೂ ಬಂದು ಕೂತಿದ್ದವು. ಅಕ್ಕ ನನ್ನ ತಲೆಗೊಂದು ಮೊಟಕಿ ಹೋದಳು. ಎಲ್ಲಿ ಹೋಗಿದ್ದವು, ಹೇಗೆ ಬಂದವು? ನನಗೆ ತಡೆಯಲಾಗಲಿಲ್ಲ. ಮತ್ತೆ ಮಾಯವಾಗುವುದರೊಳಗೆ ಅವು ಇರುವ ಜಾಗ ಗುರುತು ಹಾಕಿಬಿಡಬೇಕು ಅನಿಸಿತು.

ಜನರ ಚೀಲಗಳ ಮೇಲೆ ಹೆಸರು ಬರೆಯಲು ಅಪ್ಪನ ಹತ್ತಿರ ಒಂದು ಪೆನ್ಸಿಲ್ ಇತ್ತು. ನಾಲಿಗೆಗೆ ಹಚ್ಚಿ ಬರೆದರೆ ನೀಲಿ ಮೂಡುತ್ತಿತ್ತು, ತೊಳೆದರೂ ಹೋಗುತ್ತಿರಲಿಲ್ಲ. ಅಪ್ಪ ಗಿರಣಿಗೆ ಜೋಳ ಸುರಿಯುತ್ತಿದ್ದಾಗ ಅವನ ಹಿಂದೆ ಕೂತು ಒಂದೊಂದೇ ನರದ ಮೇಲೆ ಗೆರೆ ಎಳೆದೆ. ಅವನ ಕೈಯಲ್ಲಿ ಬುಟ್ಟಿ, ಬಗ್ಗಿ ನೋಡುವಂತಿಲ್ಲ. “ಎಂಥಾ ನೊಣ ಕುಂತೈತಿ ಇದು,” ಎಂದು ಅಪ್ಪ ಒಮ್ಮೆ ಕಾಲು ಜಾಡಿಸಿದ.

ಮರುದಿನ ಮುದುಕ ಬಂದ. ಒಲೆಯಲ್ಲಿ ಕಬ್ಬಿಣ ಕಾಯುತ್ತಿತ್ತು. ಅಪ್ಪನ ಕಾಲು ನೋಡಿದವನೇ ಎದ್ದುನಿಂತ. “ಈ ಕಾಲಿಗೆ ಮತ್ತೊಬ್ಬರು ಕೈ ಹಚ್ಚ್ಯಾರ. ನಾ ಮುಟ್ಟೂದಿಲ್ರಿ,” ಎಂದ. ಇನ್ನೊಬ್ಬರು ವೈದ್ಯ ಶುರು ಮಾಡಿದ ಕಾಲನ್ನು ಅಂಥವರು ಮುಟ್ಟುತ್ತಿರಲಿಲ್ಲ. ಆಯಿ ಎಷ್ಟು ಬೇಡಿಕೊಂಡರೂ ಹೊರಟೇಹೋದ. ನನ್ನ ಬೆರಳಿಗೆ ಅಂಟಿದ ನೀಲಿ ನೋಡಿ, ಗೆರೆ ಎಳೆದದ್ದು ನಾನೆಂದು ಅಕ್ಕ ಹೇಳಿಬಿಟ್ಟಳು.

“ಏನ್ ಮಾಡಿಟ್ಟಿ ಬೇ. ನಿಮ್ಮಪ್ಪನ ಕಾಲಿಗೆ ಇದ್ದೊಂದು ದಾರೀನೂ ಮುಚ್ಚಿದಿ,” ಎಂದು ಆಯಿ ತಲೆ ಚಚ್ಚಿಕೊಂಡಳು. ಅಪ್ಪನ ಕಾಲು ಹೋದರೆ ಅದು ನನ್ನಿಂದಲೇ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಬೈಯಲಿಲ್ಲ. ಗಿರಣಿಗೆ ಬೀಗ ಹಾಕಿ, ನನ್ನ ಕೈಹಿಡಿದು ವಿಜಯಪುರದ ಬಸ್ಸು ಹತ್ತಿದ.

ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ಒಬ್ಬ ಡಾಕ್ಟರರಿದ್ದರು. ಮೊದಲು ಕರಿದಾರ ಕತ್ತರಿಸಿದರು. ಅದರ ಬಿಗಿಗೇ ಕಾಲು ಇನ್ನಷ್ಟು ಬಾತಿದೆ ಎಂದರು. ಅಪ್ಪನನ್ನು ಮಲಗಿಸಿ, ಕಾಲು ಎತ್ತಿ ಹಿಡಿದು ನರಗಳು ಖಾಲಿಯಾಗಲು ಬಿಟ್ಟರು. ಆಮೇಲೆ ತೊಡೆಗೆ ರಬ್ಬರ್ ಕೊಳವೆ ಕಟ್ಟಿ ನಿಲ್ಲಿಸಿದರು. ನರ ಉಬ್ಬಲಿಲ್ಲ! ರಬ್ಬರ್ ಬಿಚ್ಚಿದ್ದೇ ತಡ, ಮೇಲಿನಿಂದ ಕೆಳಕ್ಕೆ ಸರ್ರನೆ ತುಂಬಿಕೊಂಡವು. ನಾನು ಅಳು ಮರೆತು ಬಾಯಿ ತೆರೆದು ನೋಡುತ್ತಿದ್ದೆ.

“ಬಾವ್ಯಾಗಿನ ಪಂಪಿನ ಫುಟ್‌ವಾಲ್ವ್ ಕೆಟ್ರ ಏರಿದ ನೀರು ತಿರುಗಿ ಬಾವಿಗೇ ಬೀಳ್ತೈತಿ, ಹೌದಿಲ್ರಿ? ನಿಮ್ಮ ಕಾಲಿನ ನರದಾಗೂ ಅಂಥಾ ವಾಲ್ವ್ ಕೆಟ್ಟು ರಕ್ತ ತಿರುಗಿ ಕೆಳಗ ಬೀಳಾಕತ್ತೈತಿ,” ಎಂದರು. ಕೆಟ್ಟ ನರವನ್ನು ಆಪರೇಷನ್ ಮಾಡಿ ತೆಗೆಯಬೇಕು, ಒಳಗಿನ ಒಳ್ಳೆಯ ನರಗಳು ರಕ್ತ ಒಯ್ಯುತ್ತವೆ ಎಂದು ಬಿಡಿಸಿ ಹೇಳಿದರು. ಆಮೇಲೆ ನೀಲಿ ಗೆರೆ ಯಾರು ಎಳೆದದ್ದೆಂದು ಕೇಳಿದರು. ನಾನು ಅಪ್ಪನ ಬೆನ್ನ ಹಿಂದೆ ಅಡಗಿದೆ. ಅವರು ನಕ್ಕರು. ಮಲಗಿಸಿದರೆ ನರ ಕಾಣುವುದಿಲ್ಲವಲ್ಲ, ಅದಕ್ಕೇ ತಾವೂ ಆಪರೇಷನ್ನಿಗೆ ಮೊದಲು ರೋಗಿಯನ್ನು ನಿಲ್ಲಿಸಿ ಹೀಗೆಯೇ ಗೆರೆ ಹಾಕುವುದಂತೆ.

ತೊಡೆಯ ಸಂದಿಯಲ್ಲೊಂದು, ಪಾದದ ಹತ್ತಿರ ಒಂದು ಗಾಯ ಮಾಡಿ ಆ ನರವನ್ನು ಎಳೆದು ತೆಗೆದರು. ಅಪ್ಪ ಎಷ್ಟೋ ದಿನ ಆಸ್ಪತ್ರೆಯಲ್ಲಿದ್ದ, ಬಳಿಕ ಕಾಲಿಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದ. ನಿಧಾನಕ್ಕೆ ಹುಣ್ಣು ಮಾಯಿತು. ಮಾಯ್ದ ಜಾಗವನ್ನು ಆಯಿ ಕೈಯಿಂದ ಸವರಿ ನೋಡಿದಳು. ಆಮೇಲೆ ನನ್ನನ್ನು ಕರೆದು ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟಳು.

ನಿಮಗೆ ಈಗ ಇದೆಲ್ಲ ಎಷ್ಟು ಸಲೀಸು. ಬಬಲೇಶ್ವರದ ಶಾಲೆಯಲ್ಲಿ ವರ್ಷಗಟ್ಟಲೆ ನಿಂತು ಪಾಠ ಹೇಳಿದ ನನ್ನ ಕಾಲಿಗೂ ಅದೇ ಬಂತಲ್ಲ. ವಿಜಯಪುರದ ಆಸ್ಪತ್ರೆಯಲ್ಲಿ ರಕ್ತ ಹಿಂದಕ್ಕೆ ಬೀಳುವುದನ್ನು ನೀವು ಸ್ಕ್ಯಾನ್ ತೆರೆಯ ಮೇಲೆ ಬಣ್ಣಬಣ್ಣವಾಗಿ ಕಂಡಿರಿ. ಲೇಸರಿನಿಂದ ನರ ಮುಚ್ಚಿದರು, ಸಂಜೆಗೆ ನಾನು ನಡೆದೇ ಮನೆಗೆ ಬಂದೆ. ಆದರೆ ಅದಕ್ಕೂ ಮೊದಲು ಆ ಡಾಕ್ಟರಮ್ಮ ನನ್ನನ್ನು ನಿಲ್ಲಿಸಿ, ಪೆನ್ನು ಹಿಡಿದು ಕಾಲಿನ ಮೇಲೆ ಗೆರೆ ಎಳೆದಳು. ಆಗ ನನ್ನ ಕಣ್ಣು ತುಂಬಿದ್ದು ನೋಡಿ, ಅಜ್ಜಿ ಹೆದರಿದ್ದಾಳೆ ಎಂದು ನೀವು ಕೈ ಹಿಡಿದುಕೊಂಡಿರಿ. ಹೆದರಿಕೆಯಲ್ಲ ಮಕ್ಕಳೇ. ಪೆನ್ನಿನ ತುದಿ ತಾಗಿದಾಗ, ಅವತ್ತು ಅಪ್ಪ ಅಂದಂತೆ, ನಿಜವಾಗಿಯೂ ನೊಣ ಕೂತ ಹಾಗೇ ಆಯಿತು.