ಆನೆ ಕಾಯುವ ಸೊಸೆಗೆ ನಿದ್ದೆ ಬಂದದ್ದು

ಕೌನ್ಸೆಲಿಂಗ್ ಮಾಡುವ ಮೇಡಂ ಮೊದಲ ದಿನವೇ ನನ್ನಲ್ಲಿ ಕೇಳಿಕೊಂಡದ್ದು ಒಂದೇ ಮಾತು. "ದಯವಿಟ್ಟು ಒಂದು ಕಡೆ ಕೂತ್ಕೊಳ್ಳಿ, ನೀವು ಹೀಗೆ ನಡೀತಾ ಇದ್ರೆ ನನಗೆ ಇಲ್ಲಿ ತಲೆ ಸುತ್ತುತ್ತೆ." ಅವರು ಮೈಸೂರಿನ ಯಾವುದೋ ಕೋಣೆಯಲ್ಲಿ ತಣ್ಣಗೆ ಕೂತಿದ್ದರು. ನಾನು ಹಾರಂಗಿ ನಾಲೆಯ ಏರಿ ಮೇಲೆ ವಿಡಿಯೊ ಕಾಲಿನಲ್ಲಿ ಮೊಬೈಲು ಹಿಡಿದು ಅತ್ತಿಂದಿತ್ತ ತಿರುಗುತ್ತಿದ್ದೆ. ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಸಿಕ್ಕರೂ ಅತ್ತೆಯ ಕಿವಿಗೆ ಬೀಳದ ಮೂಲೆ ಸಿಗುವುದಿಲ್ಲ. ಸರಿ ಎಂದು ಒಂದು ಕಲ್ಲಿನ ಮೇಲೆ ಕೂತೆ. ಕಾಲು ತಾನಾಗಿಯೇ ಅಲ್ಲಾಡತೊಡಗಿತು. ಸೀರೆಯ ಅಂಚು ಕಿತ್ತೆ, ಹುಲ್ಲು ಕಿತ್ತೆ, ಮತ್ತೆ ಎದ್ದೆ. ಮೇಡಂ ನಕ್ಕುಬಿಟ್ಟರು.

ಏರಿ ಮೇಲೆ ದನ ಹೊಡೆದುಕೊಂಡು ಹೋಗುವವರು ಕೇಳದೆ ಬಿಡುತ್ತಾರೆಯೇ? "ಯಾರವ್ವ ಫೋನಲ್ಲಿ, ತವರಿಂದನಾ?" ಹೂಂ ಎಂದುಬಿಟ್ಟೆ. ಅಂದಿನಿಂದ ಊರಿಗೆಲ್ಲ ಆ ಮೇಡಂ ನನ್ನ ದೊಡ್ಡಮ್ಮನ ಮಗಳು. "ನಿಮ್ಮಕ್ಕ ಚೆನ್ನಾಗವ್ರಾ?" ಎಂದು ವಿಚಾರಿಸುವವರೂ ಹುಟ್ಟಿಕೊಂಡರು.

ಎದೆ ಹೊಡೆದುಕೊಳ್ಳುತ್ತದೆ ಎಂದು ಕುಶಾಲನಗರದ ಕ್ಲಿನಿಕ್ಕಿಗೆ ಹೋದವಳು ನಾನು. ಇಸಿಜಿ ತೆಗೆದು, ಹೃದಯಕ್ಕೇನೂ ಆಗಿಲ್ಲ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ಮೈಸೂರಿಗೆ ಹೋಗಿಬರುವುದೆಂದರೆ ಪೂರ್ತಿ ಒಂದು ದಿನ, ಜೊತೆಗೆ ಮನೆಗೆ ಒಪ್ಪಿಸಲು ಒಂದು ಕಥೆ. ಫೋನಿನಲ್ಲೇ ನೋಡುತ್ತಾರೆ ಎಂದು ಗೊತ್ತಾದಾಗ ಅರ್ಧ ಭಾರ ಇಳಿಯಿತು. ಮಾತಾಡಿಸಲು ಈ ಮೇಡಂ, ಮಾತ್ರೆ ಬರೆಯಲು ಬೇರೆ ಒಬ್ಬ ಡಾಕ್ಟರು.

"ನಿಮ್ಮನ್ನ ಮನೆಯಲ್ಲಿ ಯಾವುದಕ್ಕೆ ಮೆಚ್ಚಿಕೊಳ್ತಾರೆ?" ಎಂದು ಮೇಡಂ ಒಮ್ಮೆ ಕೇಳಿದರು. ತಡವಿಲ್ಲದೆ ಹೇಳಿದೆ: "ನಿದ್ದೆ ಮಾಡದೇ ಇರೋದಕ್ಕೆ."

ಅದು ನಿಜವೇ. ಮಾವನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆ ನಮ್ಮದು. ಕಾಡಂಚಿನ ಗದ್ದೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಆನೆಗೆ ಯಾರೂ ಹೇಳಿಕಳಿಸಬೇಕಾಗಿಲ್ಲ. ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಹಾಕಿದ್ದಾರೆ, ಆದರೂ ಆನೆಗಳು ದಾಟಿ ಬರುತ್ತವೆ. ಸಾಲಿನ ಮನೆಗಳಲ್ಲಿ ಗಂಡಸರು ಸರದಿಯಲ್ಲಿ ಕಾಯಬೇಕು. ನಾನು ಸೊಸೆಯಾಗಿ ಬಂದ ಮೇಲೆ ಆ ಸರದಿ ಮೆಲ್ಲಗೆ ನಿಂತೇಹೋಯಿತು. ಬಿದಿರು ಮುರಿದ ಸಣ್ಣ ಸದ್ದಿಗೂ ನಾನು ಎದ್ದು ಕೂತಿರುತ್ತಿದ್ದೆ, ಯಜಮಾನರನ್ನು ಎಬ್ಬಿಸುತ್ತಿದ್ದೆ, ಅಕ್ಕಪಕ್ಕಕ್ಕೆ ಫೋನು ಮಾಡುತ್ತಿದ್ದೆ. ಅವರು ಪಟಾಕಿ ಹಚ್ಚಿ ಓಡಿಸಿ ಬಂದು ಮಲಗಿದರೆ ಗೊರಕೆ. "ನಮ್ ಸೊಸೆ ಇರೋವಾಗ ನಾಯಿ ಯಾಕವ್ವ ಸಾಕ್ಬೇಕು?" ಎಂದು ಅತ್ತೆ ಬಂದವರಿಗೆಲ್ಲ ಹೇಳುವರು. ಹೊಗಳಿಕೆಯೇ ಅದು. ನಾನೂ ಉಬ್ಬಿಹೋಗುತ್ತಿದ್ದೆ.

ಮಾತ್ರೆ ಶುರುವಾಯಿತು. ಮೊದಮೊದಲು ಬಾಯಿ ಒಣಗಿ, ತಲೆ ಭಾರವಾಗಿ, ಡಾಕ್ಟರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಮುಂದಿನ ಸಲ ಅವರು ಪ್ರಮಾಣ ಬದಲಾಯಿಸಿದರು. ಆಮೇಲೆ ಒಂದು ಬೆಳಗ್ಗೆ ಎದ್ದು ಹೊರಗೆ ಬಂದರೆ ಬಿಸಿಲು ಅಂಗಳಕ್ಕೆ ಬಂದುಬಿಟ್ಟಿತ್ತು. ಮೈ ಹಗುರ. ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಇದೇನಾ ನಿದ್ದೆ ಅಂದರೆ, ಜನ ದಿನಾ ಇದನ್ನು ಅನುಭವಿಸುತ್ತಾರಾ ಎಂದು ಹೊಟ್ಟೆಕಿಚ್ಚಾಯಿತು.

ಆ ಸಂತೋಷ ಗದ್ದೆ ನೋಡುವವರೆಗೆ. ನಾನು ಮಲಗಿದ್ದಾಗ ಆನೆಗಳು ಬಂದು, ನಿಧಾನವಾಗಿ ತಿಂದು, ತುಳಿದು, ಹೋಗಿದ್ದವು. ಅರ್ಧ ಗದ್ದೆ ಕೆಸರು. ಪಕ್ಕದ ಮನೆಯವರು ಬದುವಿನ ಮೇಲೆ ನಿಂತು ಕೇಳಿದರು, "ಏನಕ್ಕ, ನೀವು ಊರಲ್ಲಿರಲಿಲ್ವಾ?"

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅತ್ತೆ ರೊಟ್ಟಿ ತಟ್ಟುತ್ತ ಗೋಡೆಗೆ ಹೇಳುವಂತೆ, "ಮೊದ್ಲು ಹಿಂಗಿರ್ಲಿಲ್ಲ ಇವ್ಳು" ಎಂದರು. ಮಾತ್ರೆಯ ವಿಷಯ ಗೊತ್ತಿದ್ದದ್ದು ಯಜಮಾನರಿಗೆ ಮಾತ್ರ. ಅವರು ಸಂಜೆ ಮೆಲ್ಲಗೆ ಬಂದು, "ಮುಂದಿನ್ ಸಲ ಡಾಕ್ಟ್ರ ಹತ್ರ ನಾನೂ ಮಾತಾಡ್ತೀನಿ" ಎಂದರು. ಯಾಕೆ ಎಂದು ಗೊತ್ತಾಯಿತು. ಮತ್ತೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಮಾತ್ರೆಯ ಶೀಟನ್ನು ಒಮ್ಮೆ ಅಕ್ಕಿ ಡಬ್ಬದಲ್ಲಿ, ಒಮ್ಮೆ ದೇವರ ಗೂಡಿನಲ್ಲಿ, ಒಮ್ಮೆ ಬ್ಲೌಸಿನೊಳಗೆ ಇಟ್ಟುಕೊಂಡು ಓಡಾಡಿದೆ. ನಿದ್ದೆಯನ್ನೇ ಯಾರೋ ಕಿತ್ತುಕೊಂಡು ಹೋಗುತ್ತಾರೆ ಎಂಬ ಹೆದರಿಕೆ.

ಡಾಕ್ಟರು ಫೋನಿನಲ್ಲಿ ಸಿಗುವ ದಿನ ಇಬ್ಬರೂ ಏರಿ ಮೇಲೆ ಹೋದೆವು. ಯಜಮಾನರು ಬೈಕಿನ ಮೇಲೆ ಕೂತೇ ಫೋನಿಗೆ ಮುಖ ಕೊಟ್ಟರು. "ಸಾರ್, ನಮ್ಮ ಗದ್ದೆ ಕುಯ್ಯೋವರ್ಗೂ ಮಾತ್ರೆ ನಿಲ್ಸಿದ್ರೆ ಆಯ್ತದಾ? ಆಮೇಲೆ ಎಷ್ಟ್ ಬೇಕಾದ್ರೂ ಮಲಗ್ಲಿ." ಹಾಗೆ ನಡುವೆ ನಿಲ್ಲಿಸಿದರೆ ಕಷ್ಟ ಹೆಚ್ಚಾಗುತ್ತದೆ ಎಂದು ಡಾಕ್ಟರು ಹೇಳಿದರು. ಆಮೇಲೆ ಕೇಳಿದರು: "ಇವರು ಚೆನ್ನಾಗಿ ನಿದ್ದೆ ಮಾಡಿದ್ದನ್ನ ನೀವು ಈ ಮೊದಲು ಯಾವಾಗ ನೋಡಿದ್ದು?"

ಯಜಮಾನರು ಬೈಕಿನ ಕನ್ನಡಿ ಒರೆಸಿದರು. "ನಾನು ಎದ್ದಾಗೆಲ್ಲ ಅವ್ಳು ಎದ್ದೇ ಇರ್ತಾಳೆ ಸಾರ್," ಎಂದರು. ಹೆಮ್ಮೆಯಿಂದಲೇ ಶುರು ಮಾಡಿದ ಮಾತು, ಮುಗಿಯುವಾಗ ದನಿ ಇಳಿದಿತ್ತು.

"ನೀವೇನು ಹೇಳ್ತೀರಮ್ಮ?" ಡಾಕ್ಟರು ನನ್ನನ್ನು ಕೇಳಿದರು.

ನಾನು ಆಗಲೂ ನಿಂತಲ್ಲಿ ನಿಲ್ಲದೆ ತಿರುಗುತ್ತಿದ್ದೆ. ಬಾಯಿಂದ ಮಾತು ತಾನಾಗಿ ಬಂತು. "ಸಾರ್, ಬೇಸಿಗೇಲಿ ನಮ್ಮ ಗದ್ದೇಲಿ ಒಂದು ಹುಲ್ಲೂ ಇರಲ್ಲ. ಆನೆ ಈ ಕಡೆ ತಿರುಗೂ ನೋಡಲ್ಲ. ಆಗಲೂ ನಾನು ಎಚ್ಚರವಾಗೇ ಇರ್ತಿದ್ದೆ. ತವರಿಗೆ ಹೋದಾಗ್ಲೂ ಅಷ್ಟೆ. ಯಾಕೆ ಅಂತ ಯಾರೂ ಕೇಳ್ಲಿಲ್ಲ. ಮಾತ್ರೆ ನಿಲ್ಲಿಸ್ಬೇಡಿ ಸಾರ್."

ಯಜಮಾನರು ಬೈಕಿನಿಂದ ಇಳಿದು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಕಟ್ ಮಾಡುತ್ತಾರೆ ಎಂದೇ ತಿಳಿದೆ. "ಸಾರ್, ಮಾತ್ರೆ ಚೀಟಿ ಇನ್ಮೇಲೆ ನನ್ನ ನಂಬರಿಗೆ ಹಾಕಿ. ನಾನೇ ತಂದ್ಕೊಡ್ತೀನಿ," ಎಂದರು. ನಂಬರು ಹೇಳುವಾಗ ಒಮ್ಮೆ ತಪ್ಪಿ, ಮತ್ತೆ ಮೊದಲಿನಿಂದ ಹೇಳಿದರು.

ಅವರ ಹಿಂದೆ ಕೂತು ಮನೆಗೆ ಬರುವಾಗ ಅಳು ಬಂತು. ಸಮಾಧಾನಕ್ಕೆ ಬಂದ ಅಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವರಿಗೆ ನನ್ನ ನಿದ್ದೆಯ ಯೋಚನೆ ಬರಲು ಒಬ್ಬ ಡಾಕ್ಟರು ಫೋನಿನಲ್ಲಿ ಕೇಳಬೇಕಾಯಿತಲ್ಲ ಎಂದು ಸಿಟ್ಟೂ ಬಂದಿತ್ತು, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.