ಗೇಟ್ ಮನೆಯ ಮಂಚ

ಆ ಊರಿನಲ್ಲಿ ಪರಂಪರೆ ಸಮಿತಿಯವರು ತಮ್ಮ ನೀಲಿ ಬೋರ್ಡು ನೆಡದ ಜಾಗವೇ ಉಳಿದಿರಲಿಲ್ಲ ಬಿಡಿ. ಉಗಿ ಎಂಜಿನ್ನಿಗೆ ನೀರು ತುಂಬುತ್ತಿದ್ದ ತೊಟ್ಟಿಗೊಂದು ಬೋರ್ಡು, ಹಳೇ ಗೂಡ್ಸ್ ಶೆಡ್ಡಿಗೊಂದು ಬೋರ್ಡು, ಸ್ಟೇಷನ್ನಿನ ಕಾಲು ಮುರಿದ ಬೆಂಚಿಗೂ ಒಂದು. ಸುಮ್ಮನೆ ನಿಂತರೆ ನಮ್ಮ ಮುಂದೆಯೂ ಒಂದು ನೆಟ್ಟುಬಿಡುತ್ತಾರೆ ಎಂದು ಜನ ನಗುತ್ತಿದ್ದರು. ಗೇಟಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳು ಬಾಳಿದ ಮನೆಗೇ ಬೋರ್ಡು ಬಿದ್ದಿತ್ತು.

ಮನೆಯೆಂದರೆ ಹಳಿಯ ಪಕ್ಕದ ಒಂಟಿ ಕೋಣೆ. ಗಂಡ ಗೇಟ್‌ಮನ್ ಆಗಿದ್ದಷ್ಟು ಕಾಲ ಇಬ್ಬರೂ ಅಲ್ಲೇ ಇದ್ದರು. ಆಮೇಲೆ ಮೇಲ್ಸೇತುವೆ ಬಂತು, ಗೇಟು ಹೋಯಿತು, ಗಂಡನಿಗೆ ನಿವೃತ್ತಿಯಾಯಿತು, ಇಬ್ಬರೂ ಹಿಂದಿನ ಬೀದಿಯ ಬಾಡಿಗೆ ಮನೆ ಸೇರಿದರು. ಪರಂಪರೆ ಸಮಿತಿಯವರು ಕೋಣೆಗೆ ಸುಣ್ಣ ಬಳಿಸಿ, ಹಳೆಯ ಸಾಮಾನಿದ್ದರೆ ಕೊಡಿ ಎಂದು ಬಂದಾಗ ಗೇಟಮ್ಮ ಹಿಂದುಮುಂದು ನೋಡಲಿಲ್ಲ. ಗಂಡನ ಕಬ್ಬಿಣದ ಮಂಚ, ಲಾಟೀನು, ಬಾವುಟಗಳು ಎಲ್ಲವನ್ನೂ ಎತ್ತಿಕೊಟ್ಟಳು. ಮಗ್ಗಲು ಬದಲಿಸಿದರೆ ಕಿರುಗುಡುವ ಮಂಚ, ಪೀಡೆ ತೊಲಗಲಿ ಎಂದುಕೊಂಡಳು. ಕೋಣೆ ಗುಡಿಸಿ, ಬಂದವರಿಗೆ ತೋರಿಸುವ ಕೆಲಸವೂ ಅವಳಿಗೇ ಸಿಕ್ಕಿತು.

ಪೀಡೆಯೇನೋ ತೊಲಗಿತು, ಅದರ ಹಿಂದೆಯೇ ಗಂಡನ ನಿದ್ದೆಯೂ ತೊಲಗಿತು. ಬಾಡಿಗೆ ಮನೆಗೆ ಬಂದಾಗಿನಿಂದ ಅರೆಬರೆಯಾಗಿದ್ದದ್ದು ಈಗ ಪೂರ್ತಿ ಹೋಯಿತು. ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ. ಅವನು ಹೊರಳಿದಾಗಲೆಲ್ಲ ಅವಳಿಗೂ ಎಚ್ಚರ. ಹೀಗೇ ಆದರೆ ಮನುಷ್ಯ ಉಳಿಯುವುದಿಲ್ಲ ಎಂದು ಅವಳಿಗೆ ದಿಗಿಲು.

ಒಂದು ಬೆಳಿಗ್ಗೆ ಅವನು ತಾನೇ ಗೇಟ್ ಮನೆಗೆ ನಡೆದುಬಂದ. ಮುಟ್ಟಬಾರದು ಎಂದು ಕಟ್ಟಿದ್ದ ಹಗ್ಗದಡಿ ನುಸುಳಿ ಮಂಚದ ಮೇಲೆ ಉರುಳಿದವನೇ ಗೊರಕೆ ಹೊಡೆದ. ರೈಲು ಕೂಗಿದಾಗ ಅರೆಗಣ್ಣಿನಲ್ಲೇ ಎದ್ದ, ಮೊಳೆಯಿಂದ ಹಸಿರು ಬಾವುಟ ತೆಗೆದ, ಬಾಗಿಲಲ್ಲಿ ನಿಂತು ಕೊನೆಯ ಡಬ್ಬಿ ದಾಟುವವರೆಗೆ ತೋರಿಸಿದ, ಮತ್ತೆ ಬಂದು ಮಲಗಿದ. ಅಂದಿನಿಂದ ಅದೇ ದಿನಚರಿ. ಸಮಿತಿಯವರ ಕಣ್ಣಿಗೆ ಬಿದ್ದರೆ ಕೆಲಸಕ್ಕೆ ಕಲ್ಲು ಬೀಳುತ್ತದೆಂದು ಗೊತ್ತಿದ್ದರೂ ಗೇಟಮ್ಮ ಸುಮ್ಮನಿದ್ದಳು. ಮಲಗಲಿ ಪಾಪ, ನಿದ್ದೆ ಎಲ್ಲಿ ಬಂದರೇನು.

ಕೊನೆಗೂ ಒಂದು ದಿನ ಸಮಿತಿಯ ಮೇಲ್ವಿಚಾರಕರು ಹೇಳದೆ ಕೇಳದೆ ಪ್ರವಾಸಿಗರ ಗುಂಪು ಕಟ್ಟಿಕೊಂಡು ಬಂದುಬಿಟ್ಟರು. ಅವಳು ಗಂಡನನ್ನು ಎಬ್ಬಿಸುವಷ್ಟರಲ್ಲಿ ರೈಲು ಕೂಗಿತು. ಅವನು ಎದ್ದ, ಬಾವುಟ ಹಿಡಿದ, ನಿಂತ. ಜನ ಚಟಚಟ ಚಪ್ಪಾಳೆ ತಟ್ಟಿದರು. ಆಗಲೇ ಅವನಿಗೆ ಪೂರ್ತಿ ಎಚ್ಚರವಾದದ್ದು.

“ಯಾರಮ್ಮ ಇವರು?” ಎಂದರು ಮೇಲ್ವಿಚಾರಕರು.

“ನಮ್ಮ ಯಜಮಾನ್ರು, ಸಾರ್. ಇಲ್ಲೇ ಗೇಟ್‌ಮನ್ ಆಗಿದ್ರು. ತಪ್ಪಾಯ್ತು...”

“ತಪ್ಪೇನು ಬಂತು! ದಿನಾ ಮಾಡಿಸಿ. ಯೂನಿಫಾರಂ ಹೊಲಿಸಿಕೊಡ್ತೀವಿ.”

ಹೋದ ಜೀವ ಬಂದಂತಾಗಿ ಗೇಟಮ್ಮ ಗಂಡನ ಕಡೆ ತಿರುಗಿದಳು. ಅವನು ಬಾವುಟ ಸುತ್ತಿ ಮೊಳೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮತ್ತೆ ಆ ಕಡೆ ಕಾಲಿಡಲಿಲ್ಲ.

“ಬನ್ನಿ ಅಂದ್ರೆ. ಯಾರೂ ಚಪ್ಪಾಳೆ ಹೊಡೆಯದ ಹಾಗೆ ನೋಡ್ಕೋತೀನಿ,” ಎಂದು ಅವಳು ಎಷ್ಟು ಗೋಗರೆದರೂ ಅವನದು ಒಂದೇ ಮಾತು.

“ಅಷ್ಟು ವರ್ಷ ಬಾವುಟ ತೋರಿಸಿದೆನಲ್ಲೇ, ಯಾವನಾದ್ರೂ ಚಪ್ಪಾಳೆ ಹೊಡೆದಿದ್ನಾ? ಅದು ಆಟ ಆಗಿರ್ಲಿಲ್ಲ ಕಣೇ.”

ಮತ್ತೆ ನಿದ್ದೆಯಿಲ್ಲ, ಕಣ್ಣು ಗುಳಿ ಬಿದ್ದವು. ಮಂಚ ವಾಪಸು ಕೊಡಿ ಎಂದು ಅವಳು ಸಮಿತಿಯವರ ಕಾಲು ಹಿಡಿಯುವುದೊಂದು ಬಾಕಿ. ಅದೀಗ ಪರಂಪರೆ ಆಗಿಬಿಟ್ಟಿದೆಯಮ್ಮ ಎಂದು ಅವರು ಕೈತೊಳೆದುಕೊಂಡರು. ಪಕ್ಕದ ಮನೆಯವರ ಹತ್ತಿರ ಅಂಥದ್ದೇ ಕಬ್ಬಿಣದ ಮಂಚ ಬೇಡಿ ತಂದು ಹಾಕಿದಳು. ಅವನು ಅದರ ಮೇಲೂ ಸೂರು ನೋಡುತ್ತ ಮಲಗಿದ. ಥೂ, ಯಾರಿಗೆ ಬೇಕು ಈ ಬಾಳು ಅನ್ನಿಸಿಬಿಟ್ಟಿತು ಅವಳಿಗೆ.

ಇಷ್ಟರ ಮೇಲೆ, ಒಂದು ಮಧ್ಯಾಹ್ನ ಗೇಟ್ ಮನೆಗೆ ಬಂದ ಪ್ರವಾಸಿಗರದ್ದು ಬೇರೆ ರಗಳೆ. “ಬಾವುಟದ ಅಜ್ಜ ಎಲ್ಲಿ? ಅದನ್ನ ನೋಡೋಕೇ ಬಂದಿದ್ದು ನಾವು.”

ರೈಲು ಕೂಗಿತು. ರೇಗಿಹೋದ ಗೇಟಮ್ಮ ಸೆರಗು ಬಿಗಿದು, ಮೊಳೆಯಿಂದ ಬಾವುಟ ಕಿತ್ತು, ತಾನೇ ಬಾಗಿಲಲ್ಲಿ ನಿಂತಳು. ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಜನ ಚಪ್ಪಾಳೆ ತಟ್ಟಿ ಹೋದರು. ಅವಳು ಬೀಗ ಹಾಕಿಕೊಂಡು ಮನೆಗೆ ಬಂದಳು.

ಅವನು ಮಂಚ ಬಿಟ್ಟು ಬರೀ ನೆಲದ ಮೇಲೆ ಬಿದ್ದುಕೊಂಡಿದ್ದ.

“ಮಧ್ಯಾಹ್ನದ ಗೂಡ್ಸ್ ಹೋಯ್ತಾ?”

“ಹೋಯ್ತು.”

“ಗೇಟಲ್ಲಿ ಯಾರಿದ್ರು?”

“ಇನ್ಯಾರಿರ್ತಾರೆ, ನಾನೇ. ಬಾವುಟ ಹಿಡಿದು ಹಿಡಿದು ಭುಜ ಬಿದ್ದುಹೋಗಿದೆ.”

“ಕೊನೇ ಡಬ್ಬಿ ದಾಟೋವರೆಗೂ?”

“ಹೂಂರೀ, ಕೊನೇ ಡಬ್ಬಿ ದಾಟೋವರೆಗೂ.”

ಅವನು ಗೋಡೆಯ ಕಡೆ ಹೊರಳಿದ. ಅವಳು ಟೀ ಮಾಡಿ ತರುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಗೇಟಮ್ಮ ಲೋಟ ಹಿಡಿದುಕೊಂಡು ನಿಂತೇಬಿಟ್ಟಳು. ಮಂಚ ಮಂಚ ಎಂದು ತಾನು ಬಡಕೊಂಡದ್ದೆಲ್ಲ ದಂಡ. ಗೇಟಿನಲ್ಲಿ ಯಾರೂ ಇಲ್ಲವೆಂದು ಈ ಮನುಷ್ಯ ಇಷ್ಟು ದಿನ ಕಣ್ಣು ಮುಚ್ಚಿರಲಿಲ್ಲ. ಅವಳಿಗೆ ಅಳುವೂ ಬಂತು, ಕೋಪವೂ ಬಂತು. ಟೀ ತಾನೇ ಕುಡಿದಳು.

ಸಂಜೆಯ ಗಾಡಿಯ ಹೊತ್ತಾಗುತ್ತಿತ್ತು. ಗೇಟ್ ಮನೆಯಲ್ಲಿ ಈಗ ನೋಡುವವರು ಯಾರೂ ಇರುವುದಿಲ್ಲ. ಅವಳು ಭುಜ ನೀವಿಕೊಂಡು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹಳಿಯ ಕಡೆ ಹೊರಟಳು.