ಅಳಗುಳಿ ಮಣೆಗೆ ಹರಳೆಣ್ಣೆ

ನನಗಿನ್ನೂ ಸಿಟ್ಟಿದೆ ಎಂಬುದನ್ನು ಬರೆಯದೇ ಬಿಡುವವಳಿದ್ದೆ.

ಇಂದು ಅಳಗುಳಿ ಮಣೆಯ ಗುಳಿಗಳಿಗೆ ಹರಳೆಣ್ಣೆ ತಿಕ್ಕುವಾಗ ಆ ವಾಸನೆ ನನ್ನನ್ನು ಗುಂಡ್ಲುಪೇಟೆಯ ಜಗಲಿಗೆ ಒಯ್ದಿತು. ಮಣೆ ಅವ್ವ ಹಂಗಳದ ತವರಿನಿಂದ ತಂದದ್ದು. ಆಗ ತೆಂಗಿನ ನಾರಿನಿಂದ ಗುಳಿ ಉಜ್ಜುತ್ತಿದ್ದವಳು ನಾನು. ಹುಣಸೆಬೀಜ ತುಂಬಿದೊಡನೆ ಸೋದರತ್ತೆ ನನ್ನನ್ನು ಎಬ್ಬಿಸುತ್ತಿದ್ದಳು.

“ಏಳಮ್ಮಿ, ಇಂಗ್ಲಿಷ್ ಓದೋಳ್ಗೆ ಇದ್ಯಾಕೆ? ನನ್ ಮಗಳು ಆಡ್ಲಿ.”

ಅವ್ವ ಸೆರಗಿನ ಅಂಚು ತಿರುಚುತ್ತಿದ್ದಳು.

ಈಗ ಮಣೆ ಚಾಮರಾಜನಗರದ ನನ್ನ ಮನೆಯಲ್ಲಿದೆ. ಮೊನ್ನೆ ಅದೇ ಅತ್ತೆಯ ಫೋನು: “ಆ ಮಣೆ ಕಳ್ಸಮ್ಮಿ, ಮೊಮ್ಮಗಳು ಆಡ್ತಾಳಂತೆ.”

“ಮೊದ್ಲು ಅವಳನ್ನ ಚಾಮರಾಜನಗರಕ್ಕೆ ಕಳ್ಸಿ ಅತ್ತೆ, ಗುಳಿ ಉಜ್ಜಲಿ. ಆಡೋದು ನನ್ ಮಗಳು.”

ಅತ್ತೆಯ ಮೊಮ್ಮಗಳು ಏನು ತಪ್ಪು ಮಾಡಿದ್ದಳು ಎಂದು ನನ್ನನ್ನೇ ಕೇಳಿಕೊಂಡೆ. ಆದರೂ ಮಣೆಯನ್ನಂತೂ ಕೊಡುವುದಿಲ್ಲ.

ಅತ್ತೆಯ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಫೋನ್ ನೋಡುವ ದಿನವೇ ಈ ಬರಹವನ್ನು ಅಂತರ್ಜಾಲದಲ್ಲಿ ಹಾಕುತ್ತೇನೆ: ಗೌರಿ ಹಬ್ಬದಂದು.